ಚೇತರಿಕೆಯ ಸೇವೆಗಳಿಗೆ ಬಾಗಿಲು ಹಾಕಬೇಡಿ: ಮುಂದಿನ ಸಾಂಕ್ರಾಮಿಕಕ್ಕೆ ತಯಾರಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸಾಂಕ್ರಾಮಿಕ ರೋಗ ಹರಡಿದಾಗ ಯಾವ ಆರೋಗ್ಯ ಸೇವೆ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ತೀರ್ಮಾನಿಸುವ ಅಧಿಕಾರಿಗಳಿಗೆ ಮತ್ತು ಆಸ್ಪತ್ರೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಮಸ್ಕಾರ. ನನ್ನ ತಮ್ಮ ಸೈಕೋಸಿಸ್‌ನಿಂದ, ಅಂದರೆ ಯಾವುದು ನಿಜ ಯಾವುದು ಭ್ರಮೆ ಎಂದು ತಿಳಿಯದಂತಾಗುವ ಮಾನಸಿಕ ಸ್ಥಿತಿಯಿಂದ, ಚೇತರಿಸಿಕೊಳ್ಳುತ್ತಿದ್ದಾನೆ. ಅವನ ಜೊತೆಗಿದ್ದು ನೋಡಿಕೊಳ್ಳುವವಳು ನಾನು. ಅವನಂಥವರ ಮನೆಯವರೆಲ್ಲ ಸೇರಿ ಕಷ್ಟಸುಖ ಮಾತಾಡಿಕೊಳ್ಳುವ ಒಂದು ಗುಂಪಿನಲ್ಲೂ ಇದ್ದೇನೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ನಮ್ಮ ಮನೆಯ ಮಾತಿನ ಜೊತೆಗೆ ಬೇರೆ ಮನೆಗಳ ಮಾತೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಅದೇ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. 2025ರ ಮೇ 20ರಂದು ಅದರ ಸದಸ್ಯ ದೇಶಗಳು ಮುಂದಿನ ಸಾಂಕ್ರಾಮಿಕಗಳನ್ನು ಎದುರಿಸಲು ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟವು. ಅಂದರೆ ತಯಾರಿಯ ಯೋಜನೆಗಳನ್ನು ತಿದ್ದಿ ಬರೆಯಲು ಇದು ಸರಿಯಾದ ಸಮಯ. ನಿಮ್ಮ ಯೋಜನೆಯಲ್ಲಿ ವೆಂಟಿಲೇಟರ್, ಲಸಿಕೆ, ಮಾಸ್ಕ್, ಹಾಸಿಗೆಗಳ ಲೆಕ್ಕ ಇರುತ್ತದೆ. ಇರಲೇಬೇಕು. ಸೈಕೋಸಿಸ್‌ನಿಂದ ಚೇತರಿಸಿಕೊಳ್ಳುತ್ತಿರುವವರ ಲೆಕ್ಕವೂ ಅದರಲ್ಲಿ ಇರಬೇಕು ಎಂದು ಕೇಳುವುದಕ್ಕೆ ಈ ಪತ್ರ.

ಇವರು ಎಷ್ಟು ಜನ ಎಂಬ ಪ್ರಶ್ನೆ ಬರಬಹುದು. ಸೈಕೋಸಿಸ್ ಬರುವ ಕಾಯಿಲೆಗಳಲ್ಲಿ ಒಂದಾದ ಸ್ಕಿಜೋಫ್ರೇನಿಯಾವನ್ನು ಮಾತ್ರ ತೆಗೆದುಕೊಂಡರೂ ಜಗತ್ತಿನಲ್ಲಿ ಸುಮಾರು 2 ಕೋಟಿ 30 ಲಕ್ಷ ಜನರಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮಾರು 345 ಜನರಲ್ಲಿ ಒಬ್ಬರು. ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಹೆರಿಗೆಯ ನಂತರ ಸೈಕೋಸಿಸ್ ಬಂದವರು ಈ ಲೆಕ್ಕದ ಹೊರಗಿದ್ದಾರೆ.

ಚೇತರಿಕೆ ಅಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಯಾಕೆಂದರೆ ತಪ್ಪೆಲ್ಲ ಶುರುವಾಗುವುದು ಅಲ್ಲಿಂದಲೇ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚೇತರಿಕೆ ಮುಗಿಯುವುದಿಲ್ಲ, ಆವತ್ತು ಶುರುವಾಗುತ್ತದೆ. ಯಾರೂ ಮಾತಾಡದಿದ್ದರೂ ದನಿಗಳು ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ, ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ನಂಬಿಕೆ. ಇವೆಲ್ಲ ಔಷಧಿಯಿಂದ ತಗ್ಗುತ್ತವೆ. ಕೆಲವರಲ್ಲಿ ಪೂರ್ತಿ ಹೋಗುತ್ತವೆ, ಕೆಲವರಲ್ಲಿ ಸಣ್ಣದಾಗಿ ಉಳಿದುಬಿಡುತ್ತವೆ. ಉಳಿದ ಕೆಲಸ ದಿನಾ ನಡೆಯುವಂಥದ್ದು. ಸಮಯಕ್ಕೆ ಸರಿಯಾಗಿ ನಿದ್ದೆ ಮಾಡುವುದು. ಮನೆಯಿಂದ ಹೊರಗೆ ಹೋಗಿ ನಾಲ್ಕು ಜನರ ಮಧ್ಯೆ ಇರುವುದು. ಅನುಮಾನ ಬಂದಾಗ ನಂಬಿಕೆ ಇರುವ ಒಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳುವುದು. ತಿಂಗಳಿಗೊಮ್ಮೆ ಪರಿಚಯದ ನರ್ಸ್ ಮುಖ ನೋಡುವುದು. ಹೊರಗಿನವರಿಗೆ ಇವು ಚಿಕ್ಕ ವಿಷಯ ಅನ್ನಿಸಬಹುದು. ನಮಗೆ ಇವೇ ಚಿಕಿತ್ಸೆ.

2020ರಲ್ಲಿ ಬಂದ ಆದೇಶಗಳು ಇವೆಲ್ಲಕ್ಕೂ ಉಲ್ಟಾ ಆಗಿದ್ದವು. ಮನೆಯಲ್ಲೇ ಇರಿ, ಜನರಿಂದ ದೂರ ಇರಿ, ಯಾರನ್ನೂ ಮುಟ್ಟಬೇಡಿ, ಸದಾ ಎಚ್ಚರವಾಗಿರಿ. ಸೋಂಕು ತಡೆಯುವುದಕ್ಕೆ ಇವು ಬೇಕಿದ್ದವು ಎಂಬುದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಒಂಟಿಯಾಗಿ ಮೂಲೆ ಸೇರುವುದು ಈ ಕಾಯಿಲೆಯ ಲಕ್ಷಣ. ಅದರಿಂದ ಹೊರಗೆ ಬರಲು ಒಬ್ಬ ಮನುಷ್ಯ ವರ್ಷಗಟ್ಟಲೆ ಕಷ್ಟಪಟ್ಟಿರುತ್ತಾನೆ. ಅಂಥವನಿಗೆ ಮತ್ತೆ ಕೋಣೆಯೊಳಗೆ ಹೋಗು ಎಂದು ಹೇಳುವಾಗ, ಅದರಿಂದ ಆಗುವ ತೊಂದರೆಗೆ ಏನಾದರೂ ವ್ಯವಸ್ಥೆಯನ್ನೂ ಮಾಡಬೇಕಲ್ವಾ? ಅದು ಆಗಲಿಲ್ಲ.

ಅನುಮಾನದ ವಿಷಯ ಇನ್ನೂ ಕಷ್ಟದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ತಮ್ಮನಿಗೆ ಕಾಯಿಲೆ ಜೋರಾಗಿದ್ದಾಗ, ತನ್ನ ಫೋನ್ ಮೂಲಕ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂದು ನಂಬಿದ್ದ. ಗಾಳಿಯಲ್ಲಿ ವಿಷ ಬಿಟ್ಟಿದ್ದಾರೆ ಎನ್ನುತ್ತಿದ್ದ. ಎದುರು ಬರುವವರು ತನ್ನನ್ನು ಕಂಡು ಬೇಕೆಂದೇ ಬದಿಗೆ ಸರಿಯುತ್ತಾರೆ ಎನ್ನುತ್ತಿದ್ದ. ಇವು ನಿಜವಲ್ಲ ಎಂದು ತಾನೇ ಯೋಚಿಸಿ ತಿಳಿದುಕೊಳ್ಳುವ ಮಟ್ಟಕ್ಕೆ ಬರಲು ಅವನಿಗೆ ಬಹಳ ಕಾಲ ಬೇಕಾಯಿತು. ಆಮೇಲೆ ಸಾಂಕ್ರಾಮಿಕ ಬಂತು. ಯಾರು ಯಾರ ಹತ್ತಿರ ಹೋದರು ಎಂದು ಪತ್ತೆ ಮಾಡುವ ಆ್ಯಪ್ ಫೋನಿಗೆ ಬಂತು. ಗಾಳಿಯಲ್ಲಿ ಕಣ್ಣಿಗೆ ಕಾಣದ ಅಪಾಯ ಇದೆ ಎಂದು ಸರ್ಕಾರಗಳೇ ಹೇಳಿದವು. ಎದುರು ಬಂದವರು ನಿಜವಾಗಿಯೂ ಬದಿಗೆ ಸರಿದರು. ಎಲ್ಲರ ಮುಖದ ಅರ್ಧ ಮುಚ್ಚಿಹೋಯಿತು, ನಕ್ಕರೋ ಗದರಿದರೋ ತಿಳಿಯದಂತಾಯಿತು. ಬಾಗಿಲಲ್ಲಿ ನಿಂತವರು ಜ್ವರ ನೋಡಲು ಪಿಸ್ತೂಲಿನ ಆಕಾರದ ಯಂತ್ರವನ್ನು ಹಣೆಗೆ ಹಿಡಿದರು. ಮೈ ಪೂರ್ತಿ ಮುಚ್ಚಿಕೊಂಡ, ಕಣ್ಣು ಮಾತ್ರ ಕಾಣುವ ಜನ ಮನೆಗಳಿಗೆ ಬಂದು ಮನುಷ್ಯರನ್ನು ಕರೆದುಕೊಂಡು ಹೋದರು.

"ಅಕ್ಕ, ಇದು ನಿಜಾನಾ ಅಥವಾ ನನಗೆ ಮತ್ತೆ ಶುರುವಾಗ್ತಿದೆಯಾ?" ಎಂದು ಅವನು ಕೇಳುತ್ತಿದ್ದ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಹಾಗೆ ಕೇಳುವುದನ್ನು ಅವನಿಗೆ ಚಿಕಿತ್ಸೆಯಲ್ಲೇ ಕಲಿಸಿದ್ದರು. ನಾನು ಪ್ರತಿಸಲವೂ "ಇದು ನಿಜ ಕಣೋ" ಎನ್ನಬೇಕಾಯಿತು. ಜೊತೆಗೆ, ಇದು ನಿಜ ಆದರೂ ನಿನ್ನೊಬ್ಬನ ಮೇಲೆ ಗುರಿ ಇಟ್ಟಿದ್ದಲ್ಲ, ಎಲ್ಲರಿಗೂ ಇದೇ ನಿಯಮ ಎಂದು ವಿವರಿಸಬೇಕಾಗುತ್ತಿತ್ತು. ಈ ವ್ಯತ್ಯಾಸವನ್ನು ದಿನವೂ ತಾಳ್ಮೆಯಿಂದ ಹೇಳುವವರು ಪಕ್ಕದಲ್ಲಿ ಇಲ್ಲದವರ ಪಾಡು ಏನಾಗಿರಬೇಕು? ನಮ್ಮ ಗುಂಪಿನಲ್ಲಿ ಒಬ್ಬ ತಾಯಿ ಹೇಳಿದ್ದು ನೆನಪಿದೆ. ಅವರ ಮಗಳಿಗೆ, ವೈರಸ್ ಹರಡಿದ್ದು ತಾನೇ ಎಂಬ ನಂಬಿಕೆ ಬಂದು, ಅಪರಾಧಿ ಭಾವದಲ್ಲಿ ಊಟ ಬಿಟ್ಟಿದ್ದಳು. ದಿನವಿಡೀ ಸುದ್ದಿ ವಾಹಿನಿ ಸಾವಿನ ಸಂಖ್ಯೆ ತೋರಿಸುತ್ತಿದ್ದರೆ, ಆ ನಂಬಿಕೆಗೆ ಸಾಕ್ಷಿ ಬೇರೆ ಬೇಕೇ?

ಎಲ್ಲರೂ ಹೀಗೆ ಕೆಟ್ಟರು ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ಶುರುವಿನಲ್ಲಿ ಕೆಲವರು ನಮಗಿಂತ ಚೆನ್ನಾಗಿಯೇ ಇದ್ದರು. ಒಂಟಿಯಾಗಿರುವುದು, ಭಯದ ಜೊತೆ ಬದುಕುವುದು, ದಿನವನ್ನು ಸಣ್ಣ ಸಣ್ಣ ಭಾಗ ಮಾಡಿಕೊಂಡು ದೂಡುವುದು ಅವರಿಗೆ ಮೊದಲೇ ಗೊತ್ತಿತ್ತು. "ಈಗ ಎಲ್ಲರೂ ಮನೆಯಲ್ಲೇ ಇದ್ದಾರೆ, ಕೆಲಸಕ್ಕೆ ಯಾಕೆ ಹೋಗ್ತಿಲ್ಲ ಅಂತ ಯಾರೂ ನನ್ನ ಕೇಳಲ್ಲ" ಎಂದು ಒಬ್ಬ ಯುವಕ ನಿರಾಳವಾಗಿ ಹೇಳಿದ್ದ. ಅಂಥವರಿಗೆ ಕಷ್ಟ ಬಂದದ್ದು ನಿರ್ಬಂಧ ಸಡಿಲವಾದ ಮೇಲೆ. ಊರೆಲ್ಲ ಕೆಲಸಕ್ಕೆ ಹೊರಟಾಗ ಅವರು ಅಲ್ಲೇ ಉಳಿದರು. ಹೊರಗೆ ಹೋಗುವ ಅಭ್ಯಾಸವೇ ತಪ್ಪಿತ್ತು. ಅಷ್ಟರಲ್ಲಿ ಸಹಾಯವಾಣಿಗಳು, ವಿಶೇಷ ವ್ಯವಸ್ಥೆಗಳು ಮುಗಿದಿದ್ದವು. ಯೋಜನೆ ಬರೆಯುವಾಗ ಇದನ್ನು ದಯವಿಟ್ಟು ಗಮನಿಸಿ. ಸಾಂಕ್ರಾಮಿಕ ಮುಗಿಯಿತು ಎಂದು ನೀವು ಹೇಳುವ ದಿನಕ್ಕೆ ಇವರ ಕಷ್ಟ ಮುಗಿದಿರುವುದಿಲ್ಲ.

ಈಗ ಸೇವೆಗಳ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ದೂರು ಇರುವುದು ಇಲ್ಲಿ.

ಆಸ್ಪತ್ರೆಗಳು ತಮ್ಮ ಕೆಲಸವನ್ನು ತುರ್ತು ಮತ್ತು ತುರ್ತಲ್ಲದ್ದು ಎಂದು ಎರಡು ಮಾಡಿದಾಗ, ನಮ್ಮವರು ಹೋಗುತ್ತಿದ್ದ ಹೊರರೋಗಿ ವಿಭಾಗ ಎರಡನೆಯ ಪಟ್ಟಿಗೆ ಸೇರಿತು. ನೋಡಲು ಆರಾಮಾಗಿದ್ದಾರೆ, ಕೂಗಾಡುತ್ತಿಲ್ಲ, ಹಾಗಾಗಿ ಕಾಯಬಹುದು ಎಂಬ ಲೆಕ್ಕ. ಅವರು ಆರಾಮಾಗಿರುವುದು ಆ ವಿಭಾಗ ನಡೆಯುತ್ತಿರುವುದರಿಂದ. ಇದನ್ನು ಆಗ ಯಾರೂ ಯೋಚಿಸಿದಂತೆ ಕಾಣಲಿಲ್ಲ. ತಮ್ಮನ ಜೊತೆ ಹೋದಾಗ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಮುಂದಿನ ಸೂಚನೆಯವರೆಗೆ ಸೇವೆ ಇಲ್ಲ ಎಂದಷ್ಟೇ ಇತ್ತು. ಬೇರೆ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿರಲಿಲ್ಲ.

ಸೇವೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಕ್ಲೋಜಪಿನ್ ಉದಾಹರಣೆ ಕೊಡುತ್ತೇನೆ. ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಗೆ ಕೊಡುವ ಔಷಧಿ ಇದು. ಅಪರೂಪಕ್ಕೆ ರಕ್ತದ ಬಿಳಿ ಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕಾಗಿ ಮೊದಲ ತಿಂಗಳುಗಳಲ್ಲಿ ವಾರವಾರವೂ, ಆಮೇಲೆ ಹೆಚ್ಚು ಅಂತರದಲ್ಲೂ ರಕ್ತ ಪರೀಕ್ಷೆ ಮಾಡಿಸಬೇಕು. ಎಷ್ಟೋ ಕಡೆ ಪರೀಕ್ಷೆಯ ವರದಿ ಇಲ್ಲದೆ ಮಾತ್ರೆ ಕೊಡುವುದಿಲ್ಲ. ಪ್ರಯೋಗಾಲಯ ಮುಚ್ಚಿದರೆ ಮಾತ್ರೆ ನಿಂತಿತು ಎಂದೇ ಅರ್ಥ. ಈ ಮಾತ್ರೆ 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೆಯ ಡೋಸ್‌ಗೆ ನೇರವಾಗಿ ಮರಳುವಂತಿಲ್ಲ. 12.5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು. ಎರಡು ದಿನದ ಅಡಚಣೆ ಒಬ್ಬ ಮನುಷ್ಯನನ್ನು ವಾರಗಟ್ಟಲೆ ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ದಾರಿ ಇರಲಿಲ್ಲವೇ? ಇತ್ತು. 2020ರಲ್ಲೇ ಹಲವು ದೇಶಗಳ ತಜ್ಞರು ಕೂಡಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕ್ಲೋಜಪಿನ್ ತೆಗೆದುಕೊಂಡು ರಕ್ತದ ತೊಂದರೆ ಕಾಣದವರಿಗೆ ಪರೀಕ್ಷೆಯ ಅಂತರವನ್ನು ಮೂರು ತಿಂಗಳವರೆಗೆ ಹೆಚ್ಚಿಸಬಹುದು ಎಂದು ಸಲಹೆ ಕೊಟ್ಟರು. ಆ ಸಲಹೆ ಎಷ್ಟೋ ಮನೆಗಳನ್ನು ಮುಟ್ಟಲೇ ಇಲ್ಲ. ನಮ್ಮ ಗುಂಪಿನವರಿಗೆ ಅದು ತಿಳಿದದ್ದು ಬಹಳ ತಡವಾಗಿ.

ಇಂಜೆಕ್ಷನ್ ವಿಷಯವೂ ಹೀಗೇ. ಮಾತ್ರೆ ಮರೆಯುವವರಿಗೆ, ಬೇಡವೆನ್ನುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಇದನ್ನು ಫೋನಿನಲ್ಲಿ ಕೊಡಲು ಆಗುವುದಿಲ್ಲ. ಒಬ್ಬ ನರ್ಸ್ ಬೇಕು, ಒಂದು ಕೋಣೆ ಬೇಕು, ಹತ್ತು ನಿಮಿಷ ಬೇಕು. ಅಷ್ಟೂ ಸಿಗದೆ ಹಲವರನ್ನು ಅವಸರದಲ್ಲಿ ಮಾತ್ರೆಗೆ ಬದಲಾಯಿಸಿದರು. ಮಾತ್ರೆ ನುಂಗುವುದು ಕಷ್ಟ ಎಂದೇ ಅವರಿಗೆ ಇಂಜೆಕ್ಷನ್ ಶುರು ಮಾಡಿದ್ದು! ಮೊದಲ ಸಲ ಸೈಕೋಸಿಸ್ ಬಂದು ಚೇತರಿಸಿಕೊಂಡವರು ಔಷಧಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಸುಮಾರು 5 ಪಟ್ಟು ಹೆಚ್ಚುತ್ತದೆ ಎಂದು 1999ರಷ್ಟು ಹಿಂದೆಯೇ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಒಮ್ಮೆ ಮರುಕಳಿಸಿದರೆ ಕೆಲಸ ಹೋಗುತ್ತದೆ, ಓದು ನಿಲ್ಲುತ್ತದೆ, ಸ್ನೇಹ ಮುರಿಯುತ್ತದೆ. ಕೆಲವರಲ್ಲಿ ಔಷಧಿ ಮೊದಲಿನಷ್ಟು ಕೆಲಸ ಮಾಡುವುದೇ ಇಲ್ಲ. ಹಾಗಾದರೆ ಆ ಹತ್ತು ನಿಮಿಷ ತುರ್ತಲ್ಲದ್ದು ಹೇಗಾಯಿತು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 130 ದೇಶಗಳಲ್ಲಿ ಸಮೀಕ್ಷೆ ಮಾಡಿತು. ಮಾನಸಿಕ ಮತ್ತು ನರ ಸಂಬಂಧಿ ಸೇವೆಗಳಲ್ಲಿ ಒಂದಾದರೂ ಅಡಚಣೆ ಆಗಿದೆ ಎಂದ ದೇಶಗಳು ಶೇ. 93. ಔಷಧಿ ಸಿಗುವುದಕ್ಕೇ ತೊಂದರೆಯಾಗಿದೆ ಎಂದವು ಸುಮಾರು ಶೇ. 30. ನನ್ನನ್ನು ಹೆಚ್ಚು ಕಾಡಿದ ಸಂಖ್ಯೆ ಇನ್ನೊಂದು. ಕೋವಿಡ್ ಯೋಜನೆಯಲ್ಲಿ ಮಾನಸಿಕ ಆರೋಗ್ಯವೂ ಸೇರಿದೆ ಎಂದವು ಶೇ. 89 ದೇಶಗಳು. ಅವುಗಳಲ್ಲಿ ಅದಕ್ಕೆ ಬೇಕಾದಷ್ಟು ಹೆಚ್ಚುವರಿ ಹಣ ಪೂರ್ತಿ ಇಟ್ಟಿದ್ದವು ಶೇ. 17 ಮಾತ್ರ. ಕಾಗದದಲ್ಲಿ ಸೇರಿಸಿ ಹಣ ಇಡದಿದ್ದರೆ ಬಾಗಿಲಿಗೆ ಚೀಟಿಯೇ ಬೀಳುವುದು.

ವಿಡಿಯೊ ಕರೆಯಲ್ಲಿ ವೈದ್ಯರು ಸಿಕ್ಕಿದ್ದು ಕೆಲವರಿಗೆ ನಿಜಕ್ಕೂ ಅನುಕೂಲವಾಯಿತು. ದೂರದಿಂದ ಬರುವವರಿಗೆ, ಜನಜಂಗುಳಿಗೆ ಹೆದರುವವರಿಗೆ ಅದು ಮುಂದೆಯೂ ಇರಲಿ. ಆದರೆ ಕ್ಯಾಮೆರಾ ತನ್ನನ್ನು ನೋಡುತ್ತಿದೆ ಎಂದು ಹೆದರುವ ಮನುಷ್ಯನನ್ನು ಕ್ಯಾಮೆರಾ ಮುಂದೆ ಕೂರಿಸಿ ಹೇಗಿದ್ದೀರಿ ಎಂದರೆ ಅವನು ಏನು ಹೇಳುತ್ತಾನೆ? ಚೆನ್ನಾಗಿದ್ದೇನೆ ಎಂದು ಹೇಳಿ ಕರೆ ಮುಗಿಸುತ್ತಾನೆ. ಎದುರಿಗಿದ್ದಿದ್ದರೆ ಬಟ್ಟೆ, ನಡಿಗೆ, ಕೈ ನಡುಕ, ಇಳಿದ ತೂಕ ಎಲ್ಲ ಕಾಣುತ್ತಿತ್ತು.

ಇನ್ನು ಸೋಂಕು. ಇವರಿಗೆ ಕೋವಿಡ್ ಬಂದಾಗ ಅಪಾಯ ಬೇರೆಯವರಿಗಿಂತ ಜಾಸ್ತಿ ಇತ್ತು. ನ್ಯೂಯಾರ್ಕ್‌ನಲ್ಲಿ 2020ರ ಮೊದಲ ಅಲೆಯಲ್ಲಿ ಸೋಂಕು ತಗುಲಿದ 7 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಸ್ಕಿಜೋಫ್ರೇನಿಯಾ ಗುಂಪಿನ ಕಾಯಿಲೆ ಇದ್ದವರು ಸಾಯುವ ಸಾಧ್ಯತೆ ಸುಮಾರು 2.7 ಪಟ್ಟು ಎಂದು ಕಂಡುಬಂತು. ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇಂಥವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಂದ ಸಂಖ್ಯೆ ಇದು. ಅಲ್ಲಿ ವಯಸ್ಸನ್ನು ಬಿಟ್ಟರೆ ಅತಿ ದೊಡ್ಡ ಅಪಾಯ ಇದೇ ಆಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಕಾಯಿಲೆಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಅಲೆಗಳು ಬಂದು ಹೋಗಿದ್ದವು ಎಂಬುದು ನಿಮಗೇ ಗೊತ್ತು. ಬ್ರಿಟನ್‌ನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಲಸಿಕೆಯ ಆದ್ಯತಾ ಗುಂಪುಗಳಲ್ಲಿ ಮೊದಲೇ ಸೇರಿಸಿದ್ದರು. ಅಂದರೆ ಮನಸ್ಸು ಮಾಡಿದರೆ ಆಗುವ ಕೆಲಸವೇ ಇದು.

ದಕ್ಷಿಣ ಕೊರಿಯಾದ ಚೆಂಗ್‌ಡೊದಲ್ಲಿ ನಡೆದದ್ದನ್ನು ಈ ಕ್ಷೇತ್ರದಲ್ಲಿರುವ ಯಾರೂ ಮರೆಯಬಾರದು. 2020ರ ಫೆಬ್ರವರಿಯಲ್ಲಿ ಅಲ್ಲಿನ ಆಸ್ಪತ್ರೆಯೊಂದರ ಮುಚ್ಚಿದ ಮನೋರೋಗ ವಾರ್ಡ್‌ನಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಸೋಂಕು ತಗುಲಿತು. ಆ ದೇಶದಲ್ಲಿ ಕೋವಿಡ್‌ನಿಂದ ಸತ್ತ ಮೊದಲ ವ್ಯಕ್ತಿ ಆ ವಾರ್ಡ್‌ನಲ್ಲಿ ವರ್ಷಗಟ್ಟಲೆ ಇದ್ದ ರೋಗಿ. ಹೊರಗೆ ಬರಲು ಆಗದ ಜನ, ಗಾಳಿ ಆಡದ ಕೋಣೆಗಳು, ದೇಹದ ಆರೋಗ್ಯ ನೋಡುವವರ ಕೊರತೆ. ಇವು ವೈರಸ್‌ಗಿಂತ ಹಳೆಯ ಸಮಸ್ಯೆಗಳು.

ಔಷಧಿಗೂ ಸೋಂಕಿಗೂ ಇರುವ ಸಂಬಂಧವೂ ಎಲ್ಲ ವೈದ್ಯರಿಗೆ ಗೊತ್ತಿರಲಿಲ್ಲ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಅದು ಕೋವಿಡ್ ಇರಬಹುದು, ಬಿಳಿ ಕಣ ಇಳಿದದ್ದರಿಂದ ಬಂದ ಸೋಂಕೂ ಇರಬಹುದು. ಎರಡನ್ನೂ ನೋಡಬೇಕು. ಸೋಂಕು ಜೋರಾದಾಗ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರುತ್ತದೆ. ಸಿಗರೇಟು ಸೇದುವವರು ಆಸ್ಪತ್ರೆ ಸೇರಿ ಥಟ್ಟನೆ ನಿಲ್ಲಿಸಿದಾಗಲೂ ಏರುತ್ತದೆ. ಕೋವಿಡ್‌ಗೆ ಕೊಡುತ್ತಿದ್ದ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ಕೆಲವರ ನಿದ್ದೆ ಕೆಡಿಸಿ ಸೈಕೋಸಿಸ್ ಕೆರಳಿಸಬಲ್ಲವು. ಹಾಗೆಂದು ಜೀವ ಉಳಿಸುವ ಔಷಧಿ ಕೊಡಬೇಡಿ ಎನ್ನುತ್ತಿಲ್ಲ. ಕೋವಿಡ್ ವಾರ್ಡ್‌ನ ವೈದ್ಯರಿಗೆ ಮನೋವೈದ್ಯರ ಫೋನ್ ನಂಬರ್ ಗೊತ್ತಿರಬೇಕು ಎನ್ನುತ್ತಿದ್ದೇನೆ.

ಮೊದಲ ಸಲ ಕಾಯಿಲೆ ಬಿದ್ದವರ ಬಗ್ಗೆ ಒಂದು ಮಾತು. ಸಾಂಕ್ರಾಮಿಕದ ಜೊತೆ ಸೈಕೋಸಿಸ್ ಕಾಣಿಸಿಕೊಳ್ಳುವುದು ಹೊಸದೇನಲ್ಲ. 1918ರ ಇನ್‌ಫ್ಲುಯೆಂಜಾ ನಂತರ ಬಾಸ್ಟನ್‌ನಲ್ಲಿ ಕಾರ್ಲ್ ಮೆನಿಂಜರ್ ಎಂಬ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಕೆಲವು ವರ್ಷಗಳ ನಂತರ ಮತ್ತೆ ವಿಚಾರಿಸಿದಾಗ ಅವರಲ್ಲಿ ಹಲವರು ಪೂರ್ತಿ ಗುಣವಾಗಿದ್ದನ್ನೂ ಅವರೇ ದಾಖಲಿಸಿದರು. ಅಂದರೆ ಭರವಸೆ ಇಟ್ಟುಕೊಳ್ಳಲು ಕಾರಣ ಇದೆ, ಆದರೆ ಚಿಕಿತ್ಸೆ ಬೇಗ ಸಿಗಬೇಕು. ತಡವಾದಷ್ಟೂ ಚೇತರಿಕೆ ಕಷ್ಟ ಎಂಬುದು ಈಗ ಹೆಚ್ಚಿನ ಮನೋವೈದ್ಯರು ಒಪ್ಪುವ ಮಾತು. ಲಾಕ್‌ಡೌನ್‌ನಲ್ಲಿ ಮನೆಯವರು ಆಸ್ಪತ್ರೆಗೆ ಹೋಗಲು ಹೆದರಿ, ಎಲ್ಲರಿಗೂ ಇರುವ ಭಯವೇ ಇದು ಎಂದುಕೊಂಡು ತಿಂಗಳುಗಟ್ಟಲೆ ಕಾದರು. ಅವರನ್ನು ದೂರಲು ಆಗುವುದಿಲ್ಲ. ಯಾವ ಭಯ ಸಹಜ, ಯಾವುದಕ್ಕೆ ವೈದ್ಯರು ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ನಮ್ಮ ಕೋರಿಕೆಗಳು ಇವು. ಡಿಪೊ ಇಂಜೆಕ್ಷನ್ (ಮೇಲೆ ಹೇಳಿದ, ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್), ಕ್ಲೋಜಪಿನ್ ರಕ್ತ ಪರೀಕ್ಷೆ, ಔಷಧಿ ವಿತರಣೆ, ಈ ಮೂರನ್ನೂ ಡಯಾಲಿಸಿಸ್ ಮತ್ತು ಹೆರಿಗೆಯ ಹಾಗೆ ಯಾವ ಕಾರಣಕ್ಕೂ ನಿಲ್ಲಿಸಬಾರದ ಸೇವೆ ಎಂದು ಯೋಜನೆಯಲ್ಲಿ ಬರೆಯಿರಿ. ಅದಕ್ಕೆ ಹಣವನ್ನೂ ನರ್ಸ್‌ಗಳನ್ನೂ ಹೆಸರಿಸಿ ಇಡಿ. ಮನೋರೋಗ ವಿಭಾಗದ ನರ್ಸ್‌ಗಳನ್ನು ಬೇರೆ ವಾರ್ಡ್‌ಗೆ ಕಳಿಸುವ ಮೊದಲು ಅವರ ರೋಗಿಗಳನ್ನು ಯಾರು ನೋಡುತ್ತಾರೆ ಎಂದು ತೀರ್ಮಾನವಾಗಿರಲಿ. ಓಡಾಟಕ್ಕೆ ನಿರ್ಬಂಧ ಹಾಕುವಾಗ ಚಿಕಿತ್ಸೆಗೆ ಹೋಗುವವರಿಗೆ, ನೋಡಿಕೊಳ್ಳಲು ಬರುವವರಿಗೆ ಪಾಸ್ ಇರಲಿ. ದಿನಕ್ಕೊಮ್ಮೆ ನಡೆದಾಡುವುದು ಇವರಿಗೆ ಚಿಕಿತ್ಸೆಯ ಭಾಗ ಎಂಬುದು ಪೊಲೀಸರಿಗೂ ತಿಳಿದಿರಲಿ. ತಡೆದು ಗದರುವವರಿಂದ ಆಗುವ ಹಾನಿ ಸಣ್ಣದಲ್ಲ.

ಪರಿಚಯದ ಒಬ್ಬರೇ ನರ್ಸ್ ಅಥವಾ ಸೋಷಿಯಲ್ ವರ್ಕರ್ ವಾರಕ್ಕೊಮ್ಮೆ ಫೋನ್ ಮಾಡುವ ವ್ಯವಸ್ಥೆಯಾಗಲಿ. ದಿನಕ್ಕೊಬ್ಬ ಹೊಸಬರು ಕರೆ ಮಾಡಿದರೆ ಅನುಮಾನ ಹೆಚ್ಚುತ್ತದೆ. ಆ್ಯಪ್, ಸಮೀಕ್ಷೆ, ಮನೆಗೆ ಬಂದು ಪರೀಕ್ಷೆ ಮಾಡುವುದು ಇವನ್ನೆಲ್ಲ ಶುರು ಮಾಡುವ ಮೊದಲು, ಅದು ಏನು, ಯಾರಿಗೆ, ಯಾಕೆ, ಎಲ್ಲಿಯವರೆಗೆ ಎಂದು ಸರಳ ಮಾತಿನಲ್ಲಿ ಬರೆದು ಕೊಡಿ. ನಮ್ಮ ಕೈಯಲ್ಲಿ ಅಂಥ ಒಂದು ಕಾಗದ ಇದ್ದಿದ್ದರೆ ಮತ್ತೆ ಮತ್ತೆ ತೋರಿಸಿ ಸಮಾಧಾನ ಮಾಡಬಹುದಿತ್ತು. ಲಸಿಕೆ ಬಂದಾಗ ಇವರನ್ನು ಆದ್ಯತೆಯ ಪಟ್ಟಿಯಲ್ಲಿ ಸೇರಿಸಿ, ಇಂಜೆಕ್ಷನ್‌ಗೆ ಬರುವ ಕೋಣೆಯಲ್ಲೇ, ಪರಿಚಯದವರ ಕೈಯಿಂದಲೇ ಕೊಡಿಸಿ. ಮತ್ತು ನಿರ್ಬಂಧ ತೆಗೆದ ಮೇಲೂ ಕನಿಷ್ಠ ಒಂದು ವರ್ಷ ಈ ವ್ಯವಸ್ಥೆ ಮುಂದುವರಿಯಲಿ.

ಕೊನೆಯದಾಗಿ, ಯೋಜನೆ ಬರೆಯುವ ಸಭೆಯಲ್ಲಿ ಸೈಕೋಸಿಸ್ ಅನುಭವಿಸಿ ಚೇತರಿಸಿಕೊಂಡವರು ಕೂತಿರಬೇಕು. ಮನೆಯವರಾದ ನಾವು ಪಕ್ಕದಲ್ಲಿ ಇರುತ್ತೇವೆ, ಆದರೆ ಮಾತು ಅವರದ್ದಾಗಿರಲಿ. ಕ್ಯಾಮೆರಾ ಮುಂದೆ ಕೂರುವುದು ಹೇಗಿರುತ್ತದೆ, ಹಣೆಗೆ ಯಂತ್ರ ಹಿಡಿದಾಗ ಏನನ್ನಿಸುತ್ತದೆ ಎಂದು ಅವರು ಹೇಳುವಷ್ಟು ಚೆನ್ನಾಗಿ ನಾನು ಹೇಳಲಾರೆ. ನನ್ನ ತಮ್ಮ ಬರಲು ತಯಾರಿದ್ದಾನೆ. ನಮ್ಮ ಗುಂಪಿನಲ್ಲಿ ಇನ್ನೂ ಕೆಲವರು ತಯಾರಿದ್ದಾರೆ.

ಈ ಕೋರಿಕೆಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಮತ್ತು ಯಾಕೆ ಎಂದು ದಯವಿಟ್ಟು ಬರವಣಿಗೆಯಲ್ಲಿ ಉತ್ತರಿಸಿ. ಒಪ್ಪಿದ್ದನ್ನು ಯಾವ ಅಧಿಕಾರಿ ನೋಡಿಕೊಳ್ಳುತ್ತಾರೆ ಎಂಬುದನ್ನೂ ತಿಳಿಸಿ.

ಇಂತಿ,
ಚೇತರಿಸಿಕೊಳ್ಳುತ್ತಿರುವ ಒಬ್ಬನ ಅಕ್ಕ